ಶಾರ್ಜಾದ ಪ್ರಾಡೊ ಕುಂದಾಪುರಕ್ಕೆ ಬರಬಹುದೇ?

ಪ್ರಶ್ನೆ: ನಮಸ್ಕಾರ ಸರ್. ನನ್ನ ಊರು ಕುಂದಾಪುರದ ಹತ್ತಿರ. 13 ವರ್ಷದಿಂದ ಶಾರ್ಜಾದಲ್ಲಿದ್ದೇನೆ. ಬರುವ ಜೂನ್‌ನಲ್ಲಿ ಮಗಳನ್ನು ಊರಿನ ಶಾಲೆಗೆ ಸೇರಿಸಿ ಅಲ್ಲೇ ನೆಲೆಸುವ ಯೋಚನೆ. ನನ್ನ ಹತ್ತಿರ 2021ರ ಟೊಯೊಟಾ ಪ್ರಾಡೊ ಇದೆ, 4 ಲೀಟರ್ ಪೆಟ್ರೋಲ್ ಎಂಜಿನ್. ಬ್ಯಾಂಕಿನ ಸಾಲದಲ್ಲಿ ಇನ್ನು 9 ಕಂತು ಬಾಕಿ. ಮಗಳು ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ಕರೆತಂದದ್ದು ಇದೇ ಕಾರಿನಲ್ಲಿ. ಮಾರಲು ಮನಸ್ಸಿಲ್ಲ. ಎರಡು ವರ್ಷಕ್ಕಿಂತ ಜಾಸ್ತಿ ಹೊರಗಿದ್ದವರಿಗೆ ಕಾರಿಗೆ ಸುಂಕ ಇಲ್ಲ ಎನ್ನುತ್ತಾರೆ ಗೆಳೆಯರು. ದುಬೈಯ ಜೆಬೆಲ್ ಅಲಿ ಬಂದರಿನಿಂದ ನೇರ ಮಂಗಳೂರಿನ ಪಣಂಬೂರು ಬಂದರಿಗೆ ಕಳಿಸಬಹುದು ಎನ್ನುತ್ತಾನೆ ಒಬ್ಬ ಏಜೆಂಟ್. ಸ್ಟೀರಿಂಗ್ ಎಡಗಡೆ ಇರುವುದು ದೊಡ್ಡ ವಿಷಯವಲ್ಲ, ಇಲ್ಲೇ ಬದಲಾಯಿಸಿ ಕೊಡುತ್ತೇವೆ ಅಂತಾನೆ. ಮುಂಗಡ ಕೇಳುತ್ತಿದ್ದಾನೆ. ಇದು ಆಗದಿದ್ದರೆ ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ನನ್ನ ತಮ್ಮನ ಬಿಎಂಡಬ್ಲ್ಯು 3 ಸೀರೀಸ್ ಇದೆ, 2023ರ ನವೆಂಬರ್‌ನಲ್ಲಿ ನೋಂದಣಿ ಆದದ್ದು, ಬಲಗಡೆ ಸ್ಟೀರಿಂಗ್. ಅದನ್ನಾದರೂ ತರಬಹುದಾ? ಕೊನೆಗೆ ಒಂದು ಸಣ್ಣ ಪ್ರಶ್ನೆ: ಕಾರು ಬರದಿದ್ದರೆ ಅದರಲ್ಲಿ ಮಗಳು ಕೂರುವ ಮಕ್ಕಳ ಸೀಟನ್ನಾದರೂ ತರಬಹುದಾ?

ಉತ್ತರ: ಮೊದಲು ಒಂದು ಮಾತು. ಆ ಏಜೆಂಟಿಗೆ ಮುಂಗಡ ಕೊಡಬೇಡಿ. ಇನ್ನೂ ಕೊಟ್ಟಿಲ್ಲ ಎಂದು ನಿಮ್ಮ ಪತ್ರದಿಂದ ಅಂದುಕೊಂಡಿದ್ದೇನೆ. ಕೊಟ್ಟಿದ್ದರೂ ಪರವಾಗಿಲ್ಲ, ಕಾರಿನ ಕೀಲಿ ಮಾತ್ರ ಕೊಡಬೇಡಿ. ಹೋದ ಮುಂಗಡವನ್ನು ಹೇಗಾದರೂ ಸಹಿಸಬಹುದು. ಹಡಗು ಹತ್ತಿದ ಕಾರನ್ನು ವಾಪಸ್ ಇಳಿಸುವುದು ಬಹಳ ಕಷ್ಟ.

ನಿಮ್ಮ ಪ್ರಾಡೊ ಭಾರತಕ್ಕೆ ಬರುವುದಿಲ್ಲ. ಸುಂಕ ಕಟ್ಟಲು ಹಣವಿದ್ದರೂ ಬರುವುದಿಲ್ಲ. ಇದನ್ನು ಸುತ್ತಿ ಬಳಸಿ ಹೇಳಿದರೆ ನಿಮಗೆ ಉಪಕಾರ ಮಾಡಿದಂತಾಗುವುದಿಲ್ಲ. ತಮ್ಮನ ಕಾರು ಬರಬಹುದು, ಆದರೆ ಲೆಕ್ಕ ನೋಡಿದ ಮೇಲೆ ನೀವೇ ಬೇಡ ಅನ್ನುತ್ತೀರಿ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮುಂಬೈ ಬಂದರಿನಲ್ಲಿ ಕಸ್ಟಮ್ಸ್ ಬ್ರೋಕರ್ ಆಗಿ ನಾನು ಕೆಲಸ ಮಾಡಿದ್ದು ಇಪ್ಪತ್ತಕ್ಕೂ ಹೆಚ್ಚು ವರ್ಷ. ನಾನು ಶುರು ಮಾಡಿದಾಗ ನಮ್ಮನ್ನು ಸಿಎಚ್‌ಎ, ಅಂದರೆ ಕಸ್ಟಮ್ಸ್ ಹೌಸ್ ಏಜೆಂಟ್ ಎನ್ನುತ್ತಿದ್ದರು. ಗಲ್ಫಿನಿಂದ ಮರಳುವ ಕರಾವಳಿಯವರು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಇದೇ ಆಗಿತ್ತು. ಎಷ್ಟೋ ವರ್ಷ ಒಂದು ಬಾಡಿಗೆ ಫ್ಲ್ಯಾಟಿನಲ್ಲಿ ಬದುಕಿದವರಿಗೆ ಅಲ್ಲಿ ನಿಜವಾಗಿ ತಮ್ಮದು ಎನ್ನಬಹುದಾದದ್ದು ಕಾರು ಒಂದೇ. ಅದನ್ನು ಬಿಟ್ಟು ಬರುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಸ್ಟೀರಿಂಗ್‌ನಿಂದ ಶುರು ಮಾಡೋಣ, ಯಾಕೆಂದರೆ ನಿಮ್ಮ ವಿಷಯದಲ್ಲಿ ಎಲ್ಲ ನಿರ್ಧಾರವಾಗುವುದು ಅಲ್ಲೇ. ಹಳೆ ಕಾರು ತರುವುದಕ್ಕೆ ಭಾರತದ ಆಮದು ನೀತಿಯಲ್ಲಿ ಕೆಲವು ಷರತ್ತುಗಳಿವೆ. ತಯಾರಾಗಿ 3 ವರ್ಷ ದಾಟಿರಬಾರದು. ಸ್ಟೀರಿಂಗ್ ಬಲಗಡೆ ಇರಬೇಕು. ಸ್ಪೀಡೋಮೀಟರ್ ಕಿಲೋಮೀಟರ್‌ನಲ್ಲಿ ತೋರಿಸಬೇಕು. ಹೆಡ್‌ಲೈಟ್ ಎಡಬದಿಯಲ್ಲಿ ಓಡುವ ರಸ್ತೆಗೆ ಹೊಂದುವಂತಿರಬೇಕು. ಬಂದ ಮೇಲೆ ಇನ್ನೂ 5 ವರ್ಷ ರಸ್ತೆಯಲ್ಲಿ ಓಡುವ ಯೋಗ್ಯತೆ ಇರಬೇಕು, ಅಷ್ಟು ಕಾಲ ಇಲ್ಲಿ ಸರ್ವಿಸ್ ಸಿಗುತ್ತದೆ ಎಂಬ ಭರವಸೆಯೂ ಬೇಕು. ಇಳಿಯಬೇಕಾದದ್ದು ಮುಂಬೈ ಬಂದರಿನಲ್ಲಿ ಮಾತ್ರ. ನಿಮ್ಮ ಪ್ರಾಡೊ ಮೊದಲ ಎರಡು ಷರತ್ತಿನಲ್ಲೇ ಬಿದ್ದುಹೋಗುತ್ತದೆ. ಅದು 2021ರದ್ದು, ಎಡಗಡೆ ಸ್ಟೀರಿಂಗ್‌ನದ್ದು.

ಗಲ್ಫಿನ ಆರು ದೇಶಗಳಲ್ಲೂ ವಾಹನ ಓಡುವುದು ರಸ್ತೆಯ ಬಲಬದಿಯಲ್ಲಿ, ಸ್ಟೀರಿಂಗ್ ಎಡಗಡೆ. ಹಾಗಾಗಿ ದುಬೈಯಲ್ಲಿ ಇರಲಿ, ದೋಹಾದಲ್ಲಿ ಇರಲಿ, ಅಲ್ಲಿ ನಾವು ಓಡಿಸುವ ಕಾರುಗಳೆಲ್ಲ ಈ ಬಾಗಿಲಲ್ಲೇ ನಿಲ್ಲುತ್ತವೆ. ದುಬೈಯ ರಾಸ್ ಅಲ್ ಖೋರ್‌ನಲ್ಲಿ ಡುಕ್ಯಾಂಜ್ ಎಂಬ ದೊಡ್ಡ ಹಳೆ ಕಾರಿನ ಮಾರುಕಟ್ಟೆ ಇದೆ. ಅಲ್ಲಿ ಬಲಗಡೆ ಸ್ಟೀರಿಂಗ್‌ನ ಜಪಾನಿ ಕಾರುಗಳು ಸಾಲುಸಾಲಾಗಿ ನಿಂತಿರುವುದನ್ನು ನೀವೂ ನೋಡಿರಬಹುದು. ‘ಅಲ್ಲಿಂದ ಒಂದು ತಂದರೆ ಆಗಲ್ವಾ’ ಅಂತ ಬಹಳ ಜನ ಕೇಳುತ್ತಾರೆ. ಅವು ಮುಖ್ಯವಾಗಿ ಆಫ್ರಿಕಾದ ಕಡೆಗೆ ಮರು ರಫ್ತಾಗುವ ಕಾರುಗಳು. ಅದರಲ್ಲಿ ಎಷ್ಟೋ ಕಾರುಗಳಿಗೆ 3 ವರ್ಷ ಯಾವತ್ತೋ ದಾಟಿರುತ್ತದೆ.

ಇನ್ನು ಸ್ಟೀರಿಂಗ್ ಬದಲಾಯಿಸುವ ಮಾತು. ಶಾರ್ಜಾದ ಕೈಗಾರಿಕಾ ಪ್ರದೇಶದ ಗ್ಯಾರೇಜುಗಳಲ್ಲಿ ಇಂಥ ಕೆಲಸ ಮಾಡುವವರಿದ್ದಾರೆ, ನಿಜ. ಆದರೆ ಏನು ಬದಲಾಯಿಸಬೇಕು ಅಂತ ಒಮ್ಮೆ ಯೋಚಿಸಿ. ಸ್ಟೀರಿಂಗ್ ಚಕ್ರ ಒಂದೇ ಅಲ್ಲ. ಸ್ಟೀರಿಂಗ್ ರ‍್ಯಾಕ್, ಪೆಡಲ್‌ಗಳು, ಬ್ರೇಕ್ ಬೂಸ್ಟರ್, ಇಡೀ ಡ್ಯಾಶ್‌ಬೋರ್ಡ್, ವೈರಿಂಗ್, ವೈಪರ್, ಏರ್‌ಬ್ಯಾಗ್. ಡ್ರೈವರ್ ಎದುರಿನ ಏರ್‌ಬ್ಯಾಗ್ ಮತ್ತು ಪಕ್ಕದವರ ಏರ್‌ಬ್ಯಾಗ್ ಆಕಾರದಲ್ಲೂ ಬೇರೆ, ತೆರೆದುಕೊಳ್ಳುವ ರೀತಿಯಲ್ಲೂ ಬೇರೆ. ಕಂಪನಿ ಲೆಕ್ಕ ಹಾಕಿ ಕೂರಿಸಿದ್ದನ್ನು ಕಿತ್ತು ಗ್ಯಾರೇಜಿನಲ್ಲಿ ಮತ್ತೆ ಕೂರಿಸಿದರೆ ಅಪಘಾತದ ಹೊತ್ತಿಗೆ ಅದು ಏನು ಮಾಡುತ್ತದೆ ಎಂದು ಯಾರೂ ಬರೆದುಕೊಡಲಾರರು. ನಿಮ್ಮ ಮಗಳು ಹಿಂದೆ ಕೂರುವ ಕಾರು ಇದು. ನನಗೆ ಕಾನೂನಿಗಿಂತ ಮೊದಲು ನೆನಪಾಗುವುದು ಅದೇ.

ಕಾನೂನೂ ಒಪ್ಪುವುದಿಲ್ಲ. ಕಂಪನಿ ಕೊಟ್ಟ ವಿನ್ಯಾಸವನ್ನು ಮಾಲೀಕರು ತಮಗೆ ಬೇಕಾದಂತೆ ಬದಲಾಯಿಸುವಂತಿಲ್ಲ ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಸ್ಪಷ್ಟವಾಗಿ ಹೇಳಿತು. ಆ ಚಾಸಿ ನಂಬರ್‌ನ ಕಾರು ಎಡ ಸ್ಟೀರಿಂಗ್‌ನದ್ದು ಎಂದು ಕಂಪನಿಯ ದಾಖಲೆಯಲ್ಲೇ ಇರುತ್ತದೆ. ಪರೀಕ್ಷೆಯ ಹೊತ್ತಿಗೆ ಅದು ಹೊರಗೆ ಬಂದೇ ಬರುತ್ತದೆ. ಇಷ್ಟೆಲ್ಲ ಮಾಡಿದರೂ 3 ವರ್ಷದ ಷರತ್ತು ಹಾಗೇ ಉಳಿಯುತ್ತದೆ.

‘ಆದರೆ ಮುಂಬೈಯಲ್ಲಿ ಎಡ ಸ್ಟೀರಿಂಗ್‌ನ ಕಾರು ಓಡುವುದನ್ನು ನೋಡಿದ್ದೇನಲ್ಲ’ ಅಂತ ನೀವು ಕೇಳಬಹುದು. ಓಡುತ್ತವೆ. ರಾಯಭಾರ ಕಚೇರಿಯ ಕಾರುಗಳು ಇರುತ್ತವೆ, ತುಂಬ ಹಳೆಯ ಸಂಗ್ರಹದ ಕಾರುಗಳು ಇರುತ್ತವೆ, ಕಾರ್ನೆ ಎಂಬ ತಾತ್ಕಾಲಿಕ ಅನುಮತಿಯಲ್ಲಿ ಬಂದ ಪ್ರವಾಸಿಗರ ಕಾರುಗಳೂ ಇರುತ್ತವೆ. ರಸ್ತೆಯಲ್ಲಿ ಓಡಿಸುವ ನಿಯಮವೇ ಬೇರೆ, ಆಮದಿನ ನಿಯಮವೇ ಬೇರೆ. ಈ ಎರಡನ್ನು ಬೆರೆಸಿ ಹೇಳುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಈಗ ‘ಎರಡು ವರ್ಷ ಹೊರಗಿದ್ದರೆ ಸುಂಕ ಇಲ್ಲ’ ಎಂಬ ಮಾತು. ಗಲ್ಫಿನ ಊಟದ ಟೇಬಲ್‌ಗಳಲ್ಲಿ ಇದರಷ್ಟು ಗಟ್ಟಿಯಾಗಿ ಬೇರೂರಿದ ನಂಬಿಕೆ ಇನ್ನೊಂದಿಲ್ಲ. ಇದಕ್ಕೆ ಒಂದು ಮೂಲ ಇದೆ. ವಾಸ ಬದಲಾಯಿಸಿ ಬರುವವರಿಗೆ ಮನೆಯ ಸಾಮಾನಿನ ಮೇಲೆ ರಿಯಾಯಿತಿ ಇರುವುದು ಹೌದು. ‘ಟಿಆರ್’ ಅಂತ ನಮ್ಮವರೆಲ್ಲ ಹೇಳುವುದು ಅದನ್ನೇ. ಟಿವಿ, ಫ್ರಿಜ್, ವಾಷಿಂಗ್ ಮೆಷಿನ್ ತಂದವರ ಕತೆಗಳು ಪ್ರತಿ ಮನೆಯಲ್ಲೂ ಇವೆ. ಆದರೆ ಆ ರಿಯಾಯಿತಿ ಸಿಗುವುದು ‘ಬ್ಯಾಗೇಜ್’ಗೆ. ಕಸ್ಟಮ್ಸ್ ಕಾಯ್ದೆಯಲ್ಲಿ ಬ್ಯಾಗೇಜ್ ಎಂಬ ಪದದ ಅರ್ಥ ಹೇಳುವಾಗಲೇ ಮೋಟಾರು ವಾಹನವನ್ನು ಹೊರಗಿಟ್ಟಿದ್ದಾರೆ. ಹಾಗಾಗಿ ನಿಮ್ಮ ಸೋಫಾ ಒಂದು ದಾರಿಯಲ್ಲಿ ಬಂದರೆ ಕಾರು ಬೇರೆಯೇ ದಾರಿಯಲ್ಲಿ ಬರಬೇಕು.

ಎರಡು ವರ್ಷ ಹೊರಗಿದ್ದು, ಒಂದು ವರ್ಷ ಕಾರು ನಿಮ್ಮ ಹೆಸರಲ್ಲಿರಬೇಕು ಎಂಬ ಮಾತನ್ನೂ ಕೇಳಿರುತ್ತೀರಿ. ಅದು ಕಾರು ತರಲು ಲೈಸೆನ್ಸ್ ಬೇಕೋ ಬೇಡವೋ ಎಂಬ ವಿಷಯಕ್ಕೆ ಸೇರಿದ್ದು. ಹಾಗೆ ತಂದರೂ ಸುಂಕ ಪೂರ್ತಿ ಕಟ್ಟಲೇಬೇಕು. ‘ತರಬಹುದು’ ಎನ್ನುವುದು ಬಾಯಿಂದ ಬಾಯಿಗೆ ಹೋಗುತ್ತಾ ‘ಪುಕ್ಕಟೆ ತರಬಹುದು’ ಅಂತ ಆಗಿಬಿಟ್ಟಿದೆ.

ಪಣಂಬೂರಿನ ಮಾತು ನನಗೆ ತುಂಬಾ ಬೇಸರ ತರಿಸಿತು. ಕುಂದಾಪುರದವರಿಗೆ ಪಣಂಬೂರು ಅಂದರೆ ಮನೆಯ ಅಂಗಳ ಇದ್ದ ಹಾಗೆ. ಆ ನಂಬಿಕೆಯನ್ನೇ ಹಿಡಿದು ಏಜೆಂಟ್ ನಿಮಗೆ ಹೇಳಿದ್ದಾನೆ. ಹಳೆ ಕಾರಿಗೆ ಅಲ್ಲಿ ಬಾಗಿಲಿಲ್ಲ. ಈ ವ್ಯವಹಾರದಲ್ಲಿ ಇದು ಮೊದಲ ಪಾಠ. ಇದನ್ನು ತಿಳಿಯದೆ ಹೇಳಿದನೋ ತಿಳಿದೇ ಹೇಳಿದನೋ, ಎರಡರಲ್ಲಿ ಯಾವುದಾದರೂ ಅವನ ಕೈಗೆ ನಿಮ್ಮ ಹಣ ಹೋಗಬಾರದು.

ಇಂಥ ಮಾತು ನಂಬಿದವರಿಗೆ ಏನಾಗುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಸುಮಾರು ಹದಿನೈದು ವರ್ಷದ ಹಿಂದೆ, ನಿಮ್ಮ ಕಡೆಯವರೇ ಒಬ್ಬರು, ತಮ್ಮ ಎಡ ಸ್ಟೀರಿಂಗ್ ಸೆಡಾನನ್ನು ಮನೆ ಸಾಮಾನಿನ ಜೊತೆ ಒಂದೇ ಕಂಟೇನರ್‌ನಲ್ಲಿ ಕಳಿಸಿದ್ದರು. ಅಲ್ಲಿನ ಏಜೆಂಟ್ ‘ಮುಂಬೈಯಲ್ಲಿ ನಮ್ಮವರಿದ್ದಾರೆ, ಸರಿ ಮಾಡುತ್ತಾರೆ’ ಎಂದಿದ್ದನಂತೆ. ಕಂಟೇನರ್ ತೆರೆದ ದಿನವೇ ಕಾರನ್ನು ತಡೆಹಿಡಿದರು. ಏಜೆಂಟಿನ ಫೋನ್ ಬಂದ್. ಅವರು ನನ್ನ ಹತ್ತಿರ ಬಂದದ್ದು ಅದಾದ ಮೇಲೆ. ಯಾರ್ಡಿನಲ್ಲಿ ಕಾರಿನ ಮೇಲೆ ಬೆರಳಿನಲ್ಲಿ ಬರೆಯಬಹುದಾದಷ್ಟು ಧೂಳು ಕೂತಿತ್ತು. ಹಿಂದಿನ ಗಾಜಿಗೆ ಮಕ್ಕಳ ಬಿಸಿಲು ಪರದೆ ಹಾಗೇ ಅಂಟಿಕೊಂಡಿತ್ತು. ಜಾಗದ ಬಾಡಿಗೆ, ಡೆಮರೇಜ್ ಎಂಬ ತಡದ ಶುಲ್ಕ, ಕಂಟೇನರ್ ಹಿಡಿದಿಟ್ಟದ್ದಕ್ಕೆ ಹಡಗು ಕಂಪನಿಯ ದಂಡ, ಎಲ್ಲ ದಿನದಿನಕ್ಕೆ ಏರುತ್ತಿತ್ತು. ತಿಂಗಳುಗಟ್ಟಲೆ ಓಡಾಡಿದ ಮೇಲೆ ದಂಡ ಕಟ್ಟಿಸಿಕೊಂಡು ಕಾರನ್ನು ವಾಪಸ್ ಕಳಿಸಲು ಅನುಮತಿ ಸಿಕ್ಕಿತು. ಹೋದ ಕಾರನ್ನು ಅಲ್ಲಿ ಸಿಕ್ಕಷ್ಟಕ್ಕೆ ಮಾರಿದರು. ಬಂದ ಹಣ ಖರ್ಚಿಗಿಂತ ಕಡಿಮೆ. ಹೆಂಡತಿಯ ಬಳೆ ಅಡವಿಟ್ಟಿದ್ದೆ ಎಂದು ಅವರು ಹೇಳಿದ್ದು ಎಲ್ಲ ಮುಗಿದ ಮೇಲೆ. ಮೊದಲೇ ನನಗೆ ಒಂದು ಫೋನ್ ಮಾಡಿದ್ದರೆ ಹತ್ತು ನಿಮಿಷದ ಮಾತಿನಲ್ಲಿ ತಡೆಯಬಹುದಿತ್ತು. ಅದಕ್ಕೇ ಈ ಉತ್ತರ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಬಂದರಿನಲ್ಲಿ ಇಳಿದ ಸರಕನ್ನು 30 ದಿನದೊಳಗೆ ಬಿಡಿಸಿಕೊಳ್ಳದಿದ್ದರೆ ಅದನ್ನು ಮಾರುವ ಪ್ರಕ್ರಿಯೆ ಶುರು ಮಾಡಲು ಕಾನೂನಿನಲ್ಲಿ ಅವಕಾಶವಿದೆ. ನಿಯಮಕ್ಕೆ ವಿರುದ್ಧವಾಗಿ ಬಂದದ್ದಾದರೆ ಮುಟ್ಟುಗೋಲು, ಅದರ ಮೇಲೆ ದಂಡ. ‘ಮೊದಲು ಕಳಿಸೋಣ, ಆಮೇಲೆ ನೋಡೋಣ’ ಎನ್ನುವುದು ಕಾರಿನ ವಿಷಯದಲ್ಲಿ ನಡೆಯುವುದಿಲ್ಲ. ನೋಡಬೇಕಾದದ್ದನ್ನೆಲ್ಲ ಹಡಗು ಹತ್ತುವ ಮೊದಲೇ ನೋಡಿ ಮುಗಿಸಬೇಕು.

ಸರ್ಕಾರ ಇಷ್ಟು ಎತ್ತರದ ಗೋಡೆ ಯಾಕೆ ಕಟ್ಟಿತು ಅಂತ ಕೇಳುವವರಿದ್ದಾರೆ. ಜಪಾನಿನಲ್ಲಿ ಕಾರು ಹಳೆಯದಾದಂತೆ ಕಡ್ಡಾಯ ತಪಾಸಣೆ ಮತ್ತು ರಿಪೇರಿಯ ಖರ್ಚು ಜಾಸ್ತಿ. ಹಾಗಾಗಿ ಚೆನ್ನಾಗಿ ಓಡುವ ಕಾರನ್ನೂ ಜನ ಬೇಗ ಬಿಟ್ಟುಬಿಡುತ್ತಾರೆ. ಅವು ಬಲಗಡೆ ಸ್ಟೀರಿಂಗ್ ಇರುವ ದೇಶಗಳಿಗೆ ಅಗ್ಗದಲ್ಲಿ ಹೋಗುತ್ತವೆ. ಶ್ರೀಲಂಕಾ, ಬಾಂಗ್ಲಾದೇಶ, ಕೀನ್ಯಾದ ರಸ್ತೆ ನೋಡಿದವರಿಗೆ ಇದು ಗೊತ್ತು. ನ್ಯೂಜಿಲೆಂಡ್ ಈ ಬಾಗಿಲನ್ನು ಪೂರ್ತಿ ತೆರೆಯಿತು, ಕಾರಿನ ಸುಂಕವನ್ನೂ ತೆಗೆಯಿತು. 1998ರ ಹೊತ್ತಿಗೆ ಅಲ್ಲಿನ ಕಾರು ಜೋಡಣೆ ಕಾರ್ಖಾನೆಗಳೆಲ್ಲ ಮುಚ್ಚಿದವು. ಭಾರತ 2001ರ ಏಪ್ರಿಲ್‌ನಲ್ಲಿ ಆಮದಿನ ಪ್ರಮಾಣದ ಮೇಲಿದ್ದ ನಿರ್ಬಂಧಗಳನ್ನು ತೆಗೆಯಬೇಕಾಗಿ ಬಂತು. ಆಗಲೇ ಹಳೆ ಕಾರಿಗೆ ಈ ಷರತ್ತುಗಳ ಬೇಲಿ ಬಂತು. ಗಲ್ಫಿನಿಂದ ಒಂದೇ ಕಾರು ತರುವ ಒಬ್ಬ ಅಪ್ಪನನ್ನು ಯೋಚಿಸಿ ಮಾಡಿದ ನಿಯಮ ಇದಲ್ಲ. ಸಾವಿರಾರು ಕಾರು ತಂದು ಸುರಿಯುವ ವ್ಯಾಪಾರಿಯನ್ನು ತಡೆಯಲು ಮಾಡಿದ್ದು. ಆದರೆ ನಿಯಮ ಇಬ್ಬರನ್ನೂ ಬೇರೆ ಮಾಡಿ ನೋಡುವುದಿಲ್ಲ. ನನ್ನ ಪ್ರಕಾರ ಅಲ್ಲಿ ಒಂದು ಸಣ್ಣ ಕಿಂಡಿ ಇಡಬೇಕಿತ್ತು. ಇಟ್ಟಿಲ್ಲ.

ಈಗ ತಮ್ಮನ ಬಿಎಂಡಬ್ಲ್ಯು. ಇಂಗ್ಲೆಂಡಿನಲ್ಲೂ ಸ್ಟೀರಿಂಗ್ ಬಲಗಡೆ, ಓಡುವುದು ಎಡಬದಿಯಲ್ಲಿ. ಹೆಡ್‌ಲೈಟಿನ ತೊಂದರೆ ಇಲ್ಲ. ಹಾಗಾಗಿ ಬಾಗಿಲು ತೆರೆದಿದೆ. ಆದರೆ ಮೂರು ಕಡೆ ಎಡವುವ ಸಾಧ್ಯತೆ ಇದೆ.

ಒಂದು, ವಯಸ್ಸಿನ ಲೆಕ್ಕ. 3 ವರ್ಷ ಎಣಿಸುವುದು ತಯಾರಾದ ದಿನದಿಂದ, ನೋಂದಣಿಯಾದ ದಿನದಿಂದ ಅಲ್ಲ. 2023ರ ನವೆಂಬರ್‌ನಲ್ಲಿ ನೋಂದಣಿಯಾದ ಕಾರು ಕಾರ್ಖಾನೆಯಿಂದ ಜುಲೈ ಅಥವಾ ಆಗಸ್ಟ್‌ನಲ್ಲೇ ಹೊರಬಂದಿರಬಹುದು. ನೋಂದಣಿ ಪತ್ರ ನೋಡಿ ‘ಇನ್ನೂ ಟೈಮ್ ಇದೆ’ ಅಂದುಕೊಂಡು ಕಳಿಸಿ ಕೆಲವೇ ವಾರದ ಅಂತರದಲ್ಲಿ ಗಡುವು ಮೀರಿದವರಿದ್ದಾರೆ. ಚಾಸಿ ನಂಬರ್ ಕೊಟ್ಟು ಕಂಪನಿಯಿಂದಲೇ ತಯಾರಿಕೆಯ ದಿನಾಂಕವನ್ನು ಬರಹದಲ್ಲಿ ತರಿಸಿಕೊಳ್ಳಬೇಕು. ಚಾಸಿ ನಂಬರ್‌ನೊಳಗಿನ ಮಾಡೆಲ್ ವರ್ಷದ ಅಕ್ಷರವನ್ನು ನೆಚ್ಚಿಕೊಳ್ಳಬೇಡಿ. ಮಾಡೆಲ್ ವರ್ಷವೂ ತಯಾರಾದ ವರ್ಷವೂ ಯಾವಾಗಲೂ ಒಂದೇ ಆಗಿರುವುದಿಲ್ಲ. ಹಡಗಿನ ಪಯಣ, ಬಂದರಿನ ತಡ ಎಲ್ಲ ಸೇರಿಸಿ, ಕಾರು ಇಲ್ಲಿ ಇಳಿಯುವ ದಿನಕ್ಕೂ 3 ವರ್ಷ ತುಂಬಿರದ ಹಾಗೆ ನೋಡಿಕೊಳ್ಳಿ.

ಎರಡು, ಸ್ಪೀಡೋಮೀಟರ್. ಇಂಗ್ಲೆಂಡಿನಲ್ಲಿ ವೇಗ ತೋರಿಸುವುದು ಮೈಲಿಯಲ್ಲಿ. ಈಗಿನ ಡಿಜಿಟಲ್ ಪರದೆಯ ಕಾರುಗಳಲ್ಲಿ ಸೆಟ್ಟಿಂಗ್ ಬದಲಾಯಿಸಿದರೆ ಕಿಲೋಮೀಟರ್ ಬರುತ್ತದೆ. ಮುಳ್ಳಿನ ಮೀಟರ್ ಇದ್ದರೆ ಅದನ್ನೇ ಬದಲಾಯಿಸಬೇಕಾಗುತ್ತದೆ. ಕಳಿಸುವ ಮೊದಲೇ ಮಾಡಿಸಬೇಕಾದ ಕೆಲಸ ಇದು.

ಮೂರು, ಪರೀಕ್ಷೆ. ಹೊರಡುವ ಮೊದಲು ಅಲ್ಲೊಂದು ತಪಾಸಣೆಯ ಪ್ರಮಾಣಪತ್ರ ಬೇಕು. ಇಲ್ಲಿ ಇಳಿದ ಮೇಲೆ ಬಿಡಿಸಿಕೊಳ್ಳುವ ಮೊದಲು ಇನ್ನೊಂದು ಪರೀಕ್ಷೆ. ಅದನ್ನು ಮಾಡುವವರು ಪುಣೆಯ ಎಆರ್‌ಎಐ, ಈಗ ಅಹಿಲ್ಯಾನಗರ ಎಂದು ಹೆಸರಾದ ಅಹಮದ್‌ನಗರದ ವಿಆರ್‌ಡಿಇ, ಮಧ್ಯಪ್ರದೇಶದ ಬುದ್ನಿಯ ಸರ್ಕಾರಿ ಸಂಸ್ಥೆ, ಹೀಗೆ ಗೊತ್ತುಮಾಡಿದ ಕೆಲವೇ ಕಡೆ. ಇದೇ ಮಾಡೆಲ್ ಇಲ್ಲೂ ಮಾರಾಟವಾಗುತ್ತದೆ, ಪರೀಕ್ಷೆ ಯಾಕೆ ಅಂತ ಕೇಳುವವರಿದ್ದಾರೆ. ಹೆಸರು ಒಂದೇ ಆದರೂ ಒಂದೊಂದು ದೇಶಕ್ಕೆ ಹೋಗುವ ಕಾರಿನ ಎಂಜಿನ್ ಹೊಂದಾಣಿಕೆ ಬೇರೆ. ಇಲ್ಲಿ 2020ರ ಏಪ್ರಿಲ್‌ನಿಂದ ಬಿಎಸ್6 ಎಂಬ ಹೊಗೆ ನಿಯಮ ಇದೆ. ಅದಕ್ಕೆ ಹೊಂದುತ್ತದೆ ಎಂದು ಕಾಗದದಲ್ಲಿ ತೋರಿಸಬೇಕು.

ಈಗ ಹಣದ ಮಾತು. ಸುಂಕ ಹಾಕುವುದು ತಮ್ಮ ನಿಮಗೆ ಎಷ್ಟಕ್ಕೆ ಕೊಟ್ಟ ಎನ್ನುವುದರ ಮೇಲೆ ಅಲ್ಲ. ಪುಕ್ಕಟೆ ಕೊಟ್ಟರೂ ಕಾರಿನ ಬೆಲೆ ಸೊನ್ನೆ ಆಗುವುದಿಲ್ಲ. ಹೊಸದಿದ್ದಾಗ ಅದರ ಬೆಲೆ ಎಷ್ಟಿತ್ತು ಎಂದು ತೆಗೆದುಕೊಂಡು ಸವಕಳಿ ಕಳೆಯುತ್ತಾರೆ. ಮೊದಲ ವರ್ಷ ಪ್ರತಿ ಮೂರು ತಿಂಗಳಿಗೆ ಶೇ. 4, ಎರಡನೇ ವರ್ಷ ಶೇ. 3, ಮೂರನೇ ವರ್ಷ ಶೇ. 2.5. ಅದಕ್ಕೆ ಹಡಗಿನ ಬಾಡಿಗೆ ಮತ್ತು ವಿಮೆ ಸೇರಿಸುತ್ತಾರೆ.

ಉದಾಹರಣೆಗೆ ಹೊಸದಿದ್ದಾಗ ಆ ಕಾರಿಗೆ ನಮ್ಮ ಲೆಕ್ಕದಲ್ಲಿ 40 ಲಕ್ಷ ಇತ್ತು ಅಂದುಕೊಳ್ಳಿ. ಎರಡೂವರೆ ವರ್ಷ ಆಗಿದೆ. ಸವಕಳಿ 16, 12, 5, ಒಟ್ಟು ಶೇ. 33. ಉಳಿದದ್ದು 26.8 ಲಕ್ಷ. ಬಾಡಿಗೆ, ವಿಮೆ ಸೇರಿ 29 ಲಕ್ಷ ಅನ್ನೋಣ. ಇದರ ಮೇಲೆ ಕಸ್ಟಮ್ಸ್‌ನ ಪಾಲು ಶೇ. 137.5. 2025ರ ಬಜೆಟ್‌ನಲ್ಲಿ ಹಳೆ ಕಾರಿನ ಮೂಲ ಸುಂಕ ಶೇ. 125ರಿಂದ 70ಕ್ಕೆ ಇಳಿಯಿತು ಎಂಬ ಸುದ್ದಿ ಕೇಳಿ ಖುಷಿಯಾದವರು ಬಹಳ. ಅದೇ ದಿನ ಅದರ ಮೇಲೆ ಶೇ. 67.5ರ ಕೃಷಿ ಮೂಲಸೌಕರ್ಯ ಸೆಸ್ ಬಂತು. ಮೊದಲು 125ರ ಜೊತೆ ಶೇ. 12.5ರ ಸರ್ಚಾರ್ಜ್ ಇತ್ತು. ಕೂಡಿಸಿ ನೋಡಿದರೆ ಮೊದಲಿನಷ್ಟೇ. ಹಾಗೆ 29 ಲಕ್ಷಕ್ಕೆ ಸುಮಾರು 39.9 ಲಕ್ಷ ಸೇರಿ 68.9 ಲಕ್ಷ ಆಯಿತು. ಈ ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರಿಗೆ ಶೇ. 40 ಬಂದಿದೆ, ಅದನ್ನೇ ಹಿಡಿಯಿರಿ. ಇನ್ನೂ 27.5 ಲಕ್ಷ. ಅಲ್ಲಿಗೆ 96.4 ಲಕ್ಷ.

ಇಷ್ಟಾದ ಮೇಲೆ ಕರ್ನಾಟಕದ ರಸ್ತೆ ತೆರಿಗೆ. 20 ಲಕ್ಷ ಮೀರಿದ ಕಾರಿಗೆ ಶೇ. 18, ಅದರ ಮೇಲೆ ಸೆಸ್. ತೆರಿಗೆ ಹಾಕುವಾಗ ಸುಂಕ ಸೇರಿದ ಬೆಲೆಯನ್ನೇ ಹಿಡಿಯುತ್ತಾರೆ. ಇದಕ್ಕೆ ಇನ್ನೊಂದು 17 ಲಕ್ಷದ ಮೇಲೆ ಎತ್ತಿಡಬೇಕು. ಪರೀಕ್ಷೆಯ ಶುಲ್ಕ, ಬಂದರಿನ ಖರ್ಚು, ಮುಂಬೈಯಿಂದ ಕುಂದಾಪುರಕ್ಕೆ ತರುವ ಖರ್ಚು ನಾನು ಸೇರಿಸಿಯೇ ಇಲ್ಲ. ಓಡಿದ ಕಾರಿಗೆ ಒಂದು ಕೋಟಿಗಿಂತ ಜಾಸ್ತಿ. ಅದೇ 3 ಸೀರೀಸನ್ನು ಚೆನ್ನೈ ಹತ್ತಿರದ ಕಾರ್ಖಾನೆಯಲ್ಲಿ ಜೋಡಿಸಿ ಇಲ್ಲೇ ಮಾರುತ್ತಾರೆ. ವಾರಂಟಿ ಸಮೇತ ಹೊಸದು ಒಂದು ಕೋಟಿಗೆ ಬಹಳ ಕೆಳಗೆ ಸಿಗುತ್ತದೆ.

2025ರ ಜುಲೈಯಲ್ಲಿ ಭಾರತ ಮತ್ತು ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವಲ್ಲ, ಕಾರಿನ ಸುಂಕ ಶೇ. 10ಕ್ಕೆ ಇಳಿಯುತ್ತದೆಯಂತಲ್ಲ ಎಂದು ತಮ್ಮ ಕೇಳಬಹುದು. ಅಂಥ ರಿಯಾಯಿತಿ ಸಿಗುವುದು ಬ್ರಿಟನ್ನಿನಲ್ಲಿ ತಯಾರಾದ ಕಾರಿಗೆ, ಅದೂ ಗೊತ್ತುಮಾಡಿದ ಸಂಖ್ಯೆಯೊಳಗೆ. ಲೆಸ್ಟರ್‌ನಲ್ಲಿ ಕೊಂಡ ಮಾತ್ರಕ್ಕೆ ಜರ್ಮನಿಯಲ್ಲಿ ತಯಾರಾದ ಕಾರು ಬ್ರಿಟನ್ನಿನದ್ದು ಆಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಯಾರಾದರೂ ‘ಬೇರೆ ದಾರಿ’ ತೋರಿಸಿಯೇ ತೋರಿಸುತ್ತಾರೆ. ಅವುಗಳ ಬಗ್ಗೆ ಎಚ್ಚರ ಹೇಳದೆ ಇರಲಾರೆ.

ಒಂದು ದಾರಿ ಕಾರ್ನೆ. ಇದು ಕಾರಿನ ಪಾಸ್‌ಪೋರ್ಟ್ ಇದ್ದ ಹಾಗೆ. ಸ್ವಂತ ಕಾರಿನಲ್ಲಿ ದೇಶ ಸುತ್ತುವವರಿಗೆ ಮಾಡಿದ ಒಳ್ಳೆಯ ವ್ಯವಸ್ಥೆ. ಆಟೊಮೊಬೈಲ್ ಸಂಘದ ಹತ್ತಿರ ಭದ್ರತಾ ಹಣ ಇಟ್ಟು ಕಾರನ್ನು 6 ತಿಂಗಳಿಗೆ ತಂದು ಮತ್ತೆ ಹೊರಗೆ ಒಯ್ಯಬೇಕು. ಇಲ್ಲಿ ಮಾರುವಂತಿಲ್ಲ. ನೀವು ಬರುತ್ತಿರುವುದು ನೆಲೆಸಲು. ನೆಲೆಸುವವರಿಗೆ ಅದು ದಾರಿಯಲ್ಲ. ಅವಧಿ ಮುಗಿದ ಮೇಲೂ ಕಾರು ಇಲ್ಲೇ ಉಳಿದರೆ ಪೂರ್ತಿ ಸುಂಕ ನಿಮ್ಮ ತಲೆಗೆ ಬರುತ್ತದೆ, ಇಟ್ಟ ಭದ್ರತಾ ಹಣವೂ ಹೋಗುತ್ತದೆ.

ಇನ್ನೊಂದು, ಹೊರಗಿನಿಂದ ಬಂದು ಈಗಾಗಲೇ ಇಲ್ಲಿ ಓಡುತ್ತಿರುವ ಕಾರನ್ನು ಅಗ್ಗದಲ್ಲಿ ಕೊಳ್ಳುವುದು. 2025ರ ಸೆಪ್ಟೆಂಬರ್‌ನಲ್ಲಿ ಕೊಚ್ಚಿಯ ಕಸ್ಟಮ್ಸ್ ಅಧಿಕಾರಿಗಳು ‘ನುಮ್ಖೋರ್’ ಎಂಬ ಹೆಸರಿನ ಕಾರ್ಯಾಚರಣೆ ಮಾಡಿದ್ದು ನೆನಪಿರಬಹುದು. ಭೂತಾನದ ದಾರಿಯಲ್ಲಿ ಬಂದು ಸುಳ್ಳು ಕಾಗದದ ಮೇಲೆ ಬೇರೆ ರಾಜ್ಯಗಳಲ್ಲಿ ನೋಂದಣಿಯಾದವು ಎಂಬ ಅನುಮಾನದಲ್ಲಿ ಕೇರಳದಲ್ಲಿ ಒಂದೇ ದಿನ 30ಕ್ಕೂ ಹೆಚ್ಚು ವಾಹನ ಹಿಡಿದರು. ಇಂಥ ಕಡೆ ಕಷ್ಟಕ್ಕೆ ಬೀಳುವುದು ಹೆಚ್ಚಾಗಿ ಕೊನೆಗೆ ಕೊಂಡವರು. ನೋಂದಣಿ ಪುಸ್ತಕ ಕೈಯಲ್ಲಿದ್ದರೆ ಸಾಕು ಅಂದುಕೊಂಡಿರುತ್ತಾರೆ. ಆರ್‌ಸಿ ಇದ್ದ ಮಾತ್ರಕ್ಕೆ ಸುಂಕ ಕಟ್ಟಿದ ಹಾಗಾಗುವುದಿಲ್ಲ. ಯಾವ ರಾಜ್ಯದಲ್ಲಿ ನೋಂದಣಿ ಮಾಡಿಸಿದರೂ ಕಸ್ಟಮ್ಸ್‌ನ ಬಾಕಿ ಕಾರಿನ ಜೊತೆಗೇ ಬರುತ್ತದೆ. ಮುಂದೆ ಎಂದಾದರೂ ವಿದೇಶಿ ಕಾರು ಕೊಳ್ಳುವುದಾದರೆ ಆಮದಿನ ಹೊತ್ತಿಗೆ ಕಸ್ಟಮ್ಸ್‌ಗೆ ಸಲ್ಲಿಸಿದ ದಾಖಲೆಯಾದ ಬಿಲ್ ಆಫ್ ಎಂಟ್ರಿಯ ಪ್ರತಿ ಕೇಳಿ. ಅದರ ನಂಬರ್ ಮತ್ತು ದಿನಾಂಕವನ್ನು ಕಸ್ಟಮ್ಸ್‌ನ ಐಸ್‌ಗೇಟ್ ತಾಣದಲ್ಲಿ ಹಾಕಿ ನೋಡಿ. ಅದರಲ್ಲಿರುವ ಚಾಸಿ ನಂಬರನ್ನು ಕಾರಿನ ಲೋಹದ ಮೇಲೆ ಕೊರೆದ ನಂಬರಿನ ಜೊತೆ ಅಕ್ಷರ ಬಿಡದೆ ತಾಳೆ ನೋಡಿ. ಕಾಗದ ಕೇಳಿದ ಕೂಡಲೇ ಮಾಲೀಕ ಮುಖ ಸಿಂಡರಿಸಿದರೆ ಎದ್ದು ಬನ್ನಿ.

ಹಾಗಾದರೆ ನೀವೇನು ಮಾಡಬೇಕು? ಪ್ರಾಡೊವನ್ನು ಅಲ್ಲೇ ಮಾರಿ. ಗಲ್ಫಿನಲ್ಲಿ ಅದಕ್ಕೆ ಒಳ್ಳೆಯ ಬೆಲೆ ಇದೆ, ಅಲ್ಲಿನ ಮರಳಿಗೂ ಬಿಸಿಲಿಗೂ ಅದನ್ನೇ ಹುಡುಕುವವರಿದ್ದಾರೆ. ಆದರೆ ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಹೊರಡುವವರಿಗೆ ಅವಸರ ಇದೆ ಅಂತ ಗೊತ್ತಾದರೆ ಕೊಳ್ಳುವವರು ಬೆಲೆ ಬೀಳಿಸುತ್ತಾರೆ. ಈಗಲೇ ಬ್ಯಾಂಕಿಗೆ ಹೋಗಿ ಉಳಿದ 9 ಕಂತನ್ನು ಒಟ್ಟಿಗೆ ತೀರಿಸಿದರೆ ಎಷ್ಟಾಗುತ್ತದೆ ಕೇಳಿ. ಸಾಲ ಇರುವ ತನಕ ಮುಲ್ಕಿಯಾ, ಅಂದರೆ ಅಲ್ಲಿನ ನೋಂದಣಿ ಪತ್ರ, ಬೇರೆಯವರ ಹೆಸರಿಗೆ ಆಗುವುದಿಲ್ಲ. ಬ್ಯಾಂಕಿನ ಬಿಡುಗಡೆ ಪತ್ರ ಬೇಕು. ಟ್ರಾಫಿಕ್ ದಂಡ ಬಾಕಿ ಇದ್ದರೆ ಕಟ್ಟಿ. ದುಬೈಯ ಟೋಲ್‌ನ ಸಾಲಿಕ್ ಖಾತೆಯಿಂದ ಕಾರನ್ನು ತೆಗೆಸಿ. ವಿಮೆಯಲ್ಲಿ ತಿಂಗಳುಗಳು ಉಳಿದಿದ್ದರೆ ಆ ಹಣ ವಾಪಸ್ ಕೇಳಿ, ಬಹಳ ಜನ ಇದನ್ನು ಮರೆಯುತ್ತಾರೆ. ಇದೆಲ್ಲ ನಿಮ್ಮ ವೀಸಾ ಮತ್ತು ಎಮಿರೇಟ್ಸ್ ಐಡಿ ಚಾಲ್ತಿಯಲ್ಲಿರುವಾಗಲೇ ಮುಗಿಯಬೇಕು.

ಒಂದು ಕೆಲಸ ಮಾತ್ರ ಮಾಡಬೇಡಿ. ಕಾರನ್ನು ಗೆಳೆಯನ ಕೈಗೆ ಕೊಟ್ಟು ‘ನೀನು ಓಡಿಸುತ್ತಿರು, ಒಳ್ಳೆ ಬೆಲೆ ಬಂದಾಗ ಮಾರು’ ಅಂತ ಬಂದುಬಿಡುವುದು. ಗೆಳೆಯ ಎಷ್ಟೇ ಒಳ್ಳೆಯವನಾಗಿರಲಿ, ಕಾರು ನಿಮ್ಮ ಹೆಸರಲ್ಲಿರುವ ತನಕ ದಂಡವೂ ಅಪಘಾತವೂ ನಿಮ್ಮ ಹೆಸರಿಗೇ ಬರುತ್ತವೆ. ನೀವು ಕುಂದಾಪುರದಲ್ಲಿ ಕೂತು ಸುಮ್ನೆ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ಊರಿನಲ್ಲಿ ಯಾವ ಕಾರು ಎಂದು ನೀವು ಕೇಳಿಲ್ಲ. ಆದರೂ ಟೊಯೊಟಾ ಓಡಿಸಿ ಅಭ್ಯಾಸ ಆದವರಾದ್ದರಿಂದ ಹೇಳುತ್ತೇನೆ. ಫಾರ್ಚೂನರ್ ಆಗಲಿ ಇನ್ನೋವಾ ಹೈಕ್ರಾಸ್ ಆಗಲಿ, ಎರಡೂ ನಮ್ಮ ಬಿಡದಿಯಲ್ಲೇ ತಯಾರಾಗುತ್ತವೆ. ಬಿಡಿಭಾಗಕ್ಕೆ ಅಲೆಯಬೇಕಿಲ್ಲ. ಬಂದ ಕೂಡಲೇ ಕೊಳ್ಳಬೇಡಿ. ಒಂದೆರಡು ತಿಂಗಳು ಬಾಡಿಗೆ ಕಾರಿನಲ್ಲಿ ಓಡಾಡಿ. ಎಡಬದಿಯ ರಸ್ತೆ, ಬಲಗೈ ಕಡೆಯ ಬಾಗಿಲು, ನಮ್ಮ ಮಳೆಗಾಲ, ಮೂರಕ್ಕೂ ಕೈ ಮತ್ತೆ ಹೊಂದಬೇಕು. 13 ವರ್ಷ ಬಲಬದಿಯಲ್ಲಿ ಓಡಿಸಿದವರು ಖಾಲಿ ರಸ್ತೆ ಸಿಕ್ಕಾಗ ತಮಗೆ ಗೊತ್ತಿಲ್ಲದೆ ಬಲಕ್ಕೆ ಹೋಗಿಬಿಡುತ್ತಾರೆ. ಬೆಳಗಿನ ಜಾವ, ವೃತ್ತ ದಾಟುವಾಗ, ಪೆಟ್ರೋಲ್ ಬಂಕಿನಿಂದ ಹೊರಬರುವಾಗ ಜಾಸ್ತಿ ಎಚ್ಚರ ಬೇಕು.

ಇನ್ನು ಮಗಳ ಸೀಟು. ಅದನ್ನು ಧಾರಾಳವಾಗಿ ತನ್ನಿ. ಅದು ಮನೆ ಸಾಮಾನು, ನಿಮ್ಮ ಉಳಿದ ಸಾಮಾನಿನ ಜೊತೆ ಬರುತ್ತದೆ. ತರುವ ಮೊದಲು ಕೆಲವು ಸಂಗತಿ ನೋಡಿ. ಎಷ್ಟೋ ಸೀಟುಗಳ ಅಡಿಯಲ್ಲಿ ಅಥವಾ ಹಿಂದೆ ಬಳಕೆಯ ಅವಧಿ ಅಚ್ಚಾಗಿರುತ್ತದೆ, ಗಲ್ಫಿನ ಬಿಸಿಲಿಗೆ ಪ್ಲಾಸ್ಟಿಕ್ ಬಿರುಕು ಬಿಟ್ಟಿದೆಯಾ ಅಂತಲೂ ನೋಡಿ. ನಾಲ್ಕೈದು ವರ್ಷದ ಮಗುವಿನ ಎತ್ತರ ಮತ್ತು ತೂಕಕ್ಕೆ ಅದು ಈಗಲೂ ಸರಿಹೊಂದಬೇಕು. ಅದು ಐಸೋಫಿಕ್ಸ್ ಕೊಂಡಿಯ ಸೀಟಾಗಿದ್ದರೆ, ಊರಲ್ಲಿ ಕಾರು ನೋಡಲು ಶೋರೂಮಿಗೆ ಹೋದಾಗ ಮಗಳನ್ನೂ ಸೀಟನ್ನೂ ಜೊತೆಗೆ ಕರೆದುಕೊಂಡು ಹೋಗಿ. ಹಿಂದಿನ ಸೀಟಿನ ಒರಗು ಮತ್ತು ಕೂರುವ ಭಾಗದ ಸಂದಿಯಲ್ಲಿ ಕೈ ಹಾಕಿ, ಎರಡು ಲೋಹದ ಬಳೆ ಬೆರಳಿಗೆ ಸಿಗುತ್ತವೆ. ಅದಕ್ಕೆ ಸೀಟು ಕೂರಿಸಿ, ಮಗಳನ್ನು ಕೂರಿಸಿ, ಬೆಲ್ಟ್ ಹಾಕಿ ನೋಡಿ. ಆಮೇಲೆ ಬೆಲೆಯ ಮಾತಾಡಿ.